ರಸೀದಿ

ಬರ್ನ್‌ಲಿಯ ಆಲ್ಡರ್ ಸ್ಟ್ರೀಟಿನಲ್ಲಿ
ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಮೂವತ್ತೆಂಟು ಮನೆ,
ಹೊಗೆ ಕುಡಿದು ಕಪ್ಪಾದ ಕಲ್ಲು.
ನನ್ನ ಚೀಲದಲ್ಲಿ ಟಾರ್ಚು, ಟೇಪು, ತೇವ ಅಳೆಯುವ ಮುಳ್ಳು,
ಆಫೀಸು ಕೊಟ್ಟ ಟ್ಯಾಬ್ಲೆಟ್ಟು.
ಅದರ ಹೊಟ್ಟೆಯಲ್ಲಿ ನೂರ ಹನ್ನೊಂದು ಪ್ರಶ್ನೆ.

ಮ್ಯಾಕ್ಸೀನ್ ಹೋಲ್‌ರಾಯ್ಡ್ ಬಾಗಿಲು ತೆರೆದಾಗ
ತಲೆಯಲ್ಲಿನ್ನೂ ಬೇಕರಿಯ ಬಲೆಟೊಪ್ಪಿಗೆ,
ರಾತ್ರಿಪಾಳಿಯ ಹಿಟ್ಟು ಹುಬ್ಬಿನ ಮೇಲೆ.
"ಒಳಗೆ ಬಾ, ಲವ್. ಕೋಟು ಮಾತ್ರ ಬಿಚ್ಚಬೇಡ."

ಬಿಚ್ಚಲಿಲ್ಲ.
ಮಾತಾಡಿದರೆ ಬಾಯಿಂದ ಹಬೆ.
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ
ಈ ಮನೆಗೆ ಕಾವು ಹಾಕುವುದು.
ಸುರಿದದ್ದೆಲ್ಲ ಬೀದಿಯ ಪಾಲು,
ಬೀದಿಗೂ ಹುಳಿ ಹತ್ತುವುದಿಲ್ಲ.
ಮೀಟರೊಂದೇ ಚುರುಕಾಗಿ ಓಡುತ್ತಿತ್ತು.

ಮಗ ಕೀರನ್ನನ ಕೋಣೆ. ಶಾಲೆಗೆ ಹೋಗಿರಲಿಲ್ಲ.
ಕಿಟಕಿಯ ಮೂಲೆಯಿಂದ ಸೂರಿನವರೆಗೆ ಕಪ್ಪು ಬೂಷ್ಟು,
ಹಾಸಿಗೆಯ ಪಕ್ಕ ನೀಲಿ ಇನ್ಹೇಲರು,
ಈ ತಿಂಗಳದ್ದು, ಕಳೆದ ತಿಂಗಳದ್ದು, ಅದರ ಹಿಂದಿನದ್ದು.
ಪ್ರಶ್ನೆ ನಲವತ್ತು: ಬೂಷ್ಟು ಇದೆಯೇ? ಹೌದು, ಇಲ್ಲ.
ಕೆಮ್ಮಿಗೆ ಕಲಂ ಇಲ್ಲ.

ಹಿಂಬದಿಯ ಪುಟ್ಟ ಕೋಣೆಯಲ್ಲಿ ಕಿರಿಯವಳು ಮಲಗಿದ್ದಳು,
ಹೊದಿಕೆ ಒದ್ದು, ಕಾಲು ಹೊರಗೆ ಚಾಚಿ.
ಗೋಡೆಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ.
ಕಲ್ಲಿನ ಸದ್ದು ಬರಬೇಕಿತ್ತು. ಡಬ್ ಅಂದಿತು.

"ಅದು ಅಪ್ಪನ ಕೆಲಸ," ಪಿಸುಗುಟ್ಟಿದಳು. ಮುಖ ಅರಳಿತ್ತು.
"ಗಿರಣಿ ಮುಚ್ಚಿದ ವರ್ಷ. ಕೈ ಸುಮ್ಮನಿರಲಿಲ್ಲ ಅವನಿಗೆ.
ಮರದ ಪಟ್ಟಿ ಹೊಡೆದು, ನಡುವೆ ಗಾಜಿನ ಉಣ್ಣೆ ತುಂಬಿ,
ಹಲಗೆ ಜೋಡಿಸಿ, ಮೇಲೆ ಗುಲಾಬಿ ಕಾಗದ.
ತಿಂಗಳೆಲ್ಲ ಕೆರೆದು ಕೆರೆದು ಕೆಂಪಾದ ಕೈ ತೋರಿಸುತ್ತಿದ್ದ:
ನೋಡು, ಬಿಸಿಲನ್ನು ಒಳಗಿಟ್ಟು ಹೊಲಿದಿದ್ದೇನೆ."

ನಾನು ಟ್ಯಾಬ್ಲೆಟ್ಟು ನೋಡಿದೆ.
ಈ ಮನೆಯ ಅಂಕ ಐವತ್ತಮೂರು.
ಐವತ್ತೈದು ಮುಟ್ಟಿದರೆ ಅನುದಾನವಿಲ್ಲ.
ಅವಳಪ್ಪನ ಉಣ್ಣೆ ಒಂದಕ್ಕೇ ನಾಲ್ಕಂಕ.
ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ,
ಇಲ್ಲಿ ಆ ಪೂಜಾರಿ ನಾನೇ,
ಗಂಟೆಯ ಬದಲು ಟೇಪು ಹಿಡಿದವನು.

ಕಣ್ಣಿಗೆ ಕಾಣದ್ದಕ್ಕೆ ಕಾಗದ ಬೇಕು, ಇದು ನಿಯಮ.
ಕಾಗದವಿಲ್ಲದ ಕಾವು ಕಾವಲ್ಲ.
ಕೇಳಲೇಬೇಕಿತ್ತು, ಕೇಳಿದೆ:
"ಅದಕ್ಕೆ ರಸೀದಿ ಏನಾದರೂ..."

"ಇರುತ್ತೆ! ಬಸ್ಸಿನ ಟಿಕೆಟ್ಟನ್ನೂ ಎಸೆದವನಲ್ಲ ಅಪ್ಪ"
ಎನ್ನುತ್ತ ಅಟ್ಟದ ಏಣಿ ಹತ್ತಿಯೇಬಿಟ್ಟಳು.

ಕೆಳಗೆ ನಿಂತವನಿಗೆ ಕೇಳುತ್ತಿತ್ತು
ತಗಡಿನ ಡಬ್ಬಿಗಳ ಸದ್ದು, ಏನೋ ಎಳೆದ ಸದ್ದು,
ಒಂದು ಸಲ ನಗು,
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಹನ್ನೊಂದು ವರ್ಷದಿಂದ ಗೋಡೆ ಅಳೆಯುತ್ತಿದ್ದೇನೆ,
ಯಾರದ್ದಾದರೂ ವಸ್ತು ಸಿಗದೇ ಹೋಗಲಿ ಎಂದು
ಹರಕೆ ಹೊತ್ತವನಲ್ಲ. ಅವತ್ತು ಹೊತ್ತೆ.
ಯಾವ ದೇವರಿಗೆ ಎಂದು ಹೇಳಲಿಲ್ಲ,
ಆ ಚಳಿಯಲ್ಲಿ ಎದ್ದಿದ್ದ ಯಾರಿಗಾದರೂ.

ಸಿಕ್ಕಿತು.
ಬಿಸ್ಕೆಟ್ ಡಬ್ಬಿ ಎದೆಗವಚಿಕೊಂಡು ಇಳಿದು ಬಂದಳು.
ಐದು ಉರುಳೆ, ನಲವತ್ತೊಂದು ಪೌಂಡು.
ಹಿಂದುಗಡೆ ಪೆನ್ಸಿಲಿನಲ್ಲಿ: ಮ್ಯಾಕ್ಸಿ ಕೋಣೆ ಮೊದಲು.

"ಮುಂದಿನ ಕೋಣೆ ಅವನ ಕೈಗೆ ಬರಲೇ ಇಲ್ಲ," ಅಂದಳು.
"ಹತ್ತಿಯ ಧೂಳು. ಎದೆ."

ಹೇಳುವುದು ನನ್ನ ಕೆಲಸವಲ್ಲ. ಹೇಳಿದೆ.
ಐವತ್ತಮೂರು. ನಾಲ್ಕು. ಐವತ್ತೇಳು.
ಮುಂದಿನ ಕೋಣೆಯಲ್ಲಿ ಕೀರನ್ ಕೆಮ್ಮಿದ,
ನಿಲ್ಲಿಸಿದ, ಮತ್ತೆ ಕೆಮ್ಮಿದ.

ರಸೀದಿಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿ
ಏಪ್ರನ್ನಿನ ಜೇಬಿಗೆ ಇಳಿಸಿದಳು.
"ಸಿಗಲಿಲ್ಲ ಲವ್," ಅಂದಳು ನನ್ನ ಕಣ್ಣನ್ನೇ ನೋಡುತ್ತ,
"ಏನು ಗುಡಿಸಿಲ್ಲ ಆ ಅಟ್ಟ! ಟೀಗೆ ಸಕ್ಕರೆ ಎಷ್ಟು?"

ಪ್ರಶ್ನೆ ಐವತ್ತೆರಡು: ಗೋಡೆಗೆ ಒಳಹೊದಿಕೆ?
ಪುರಾವೆ ಇಲ್ಲ, ಎಂದು ಒತ್ತಿದೆ.
ಬೆರಳು ತಣ್ಣಗಿತ್ತು,
ಎರಡು ಸಲ ಒತ್ತಬೇಕಾಯಿತು.